ಹಿರಿಯರ ಆರೈಕೆಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಆಸಕ್ತಿ ಮೂಡಿಸುವ ಬಗೆ

ಮಕ್ಕಳ ವಾರ್ಡಿಗೋ ಐಸಿಯುಗೋ ಪೋಸ್ಟಿಂಗ್ ಬಿದ್ದರೆ ಹಿಗ್ಗುವ ವಿದ್ಯಾರ್ಥಿಗಳು, ವಯಸ್ಸಾದವರ ಆರೈಕೆಯೆಂದರೆ ಮುಖ ಸಪ್ಪಗೆ ಮಾಡಿಕೊಳ್ಳುವುದನ್ನು ನಾವು ಬೋಧಕರು ಕಾಣುತ್ತಲೇ ಇರುತ್ತೇವೆ. ಇದಕ್ಕೆ ಅವರನ್ನು ದೂರಲಾಗದು. ನಾವು ಮೊದಲು ತೋರಿಸುವುದೇ ಹಾಸಿಗೆ ಹಿಡಿದು ಮಾತು ನಿಂತಿರುವವರನ್ನು, ಮೊದಲು ಒಪ್ಪಿಸುವುದೇ ಡೈಪರ್ ಬದಲಿಸುವ ಕೆಲಸವನ್ನು. 2011ರ ಜನಗಣತಿಯ ವೇಳೆಗೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚಿದ್ದರು; ಮುಂದೆ ಯಾವ ವಾರ್ಡಿಗೆ ಹೋದರೂ ಈ ಮಕ್ಕಳು ಆರೈಕೆ ಮಾಡಬೇಕಾದವರಲ್ಲಿ ಹಿರಿಯರು ಇದ್ದೇ ಇರುತ್ತಾರೆ.

ಆದ್ದರಿಂದ ಮೊದಲು ಈ ಕ್ರಮವನ್ನು ಬದಲಿಸಿ. ಸಮುದಾಯ ಪೋಸ್ಟಿಂಗ್‌ನಲ್ಲಿ ಪ್ರತಿ ವಿದ್ಯಾರ್ಥಿಗೂ ಓಡಾಡಿಕೊಂಡಿರುವ ಒಬ್ಬ ಹಿರಿಯರನ್ನು ಗೊತ್ತುಮಾಡಿ, ಅವರ ಮನೆಗೇ ನಾಲ್ಕೈದು ಬಾರಿ ಕಳುಹಿಸಿ. ಮೊದಲ ಭೇಟಿಯಲ್ಲಿ ಫಾರಂ ತುಂಬಿಸುವುದು ಬೇಡ. ಏನೆಂದು ಕರೆದರೆ ಅವರಿಗೆ ಇಷ್ಟವೆಂದು ಕೇಳಿ ಬಂದರೆ ಸಾಕು, ಏಕೆಂದರೆ ನಿವೃತ್ತ ಶಿಕ್ಷಕರೊಬ್ಬರು "ತಾತ" ಎಂದರೆ ಸುಮ್ಮನಿದ್ದು, "ಮೇಷ್ಟ್ರೇ" ಎಂದೊಡನೆ ಮಾತಿಗಿಳಿಯಬಹುದು. ಎರಡನೆಯ ಭೇಟಿಯಲ್ಲಿ ಮಾತ್ರೆಗಳ ಡಬ್ಬಿಯನ್ನು ತೆರೆದು ತೋರಿಸುವಂತೆ ಕೇಳಲಿ. ಹೆಸರಿನ ಭಾಗ ಕತ್ತರಿಸಿಹೋದ ಸ್ಟ್ರಿಪ್ಪುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು, ಬಿಳಿಯದು ಬಿಪಿಗೆ, ಹಳದಿಯದು ಶುಗರಿಗೆ ಎಂದು ಬಣ್ಣದಿಂದಲೇ ಗುರುತಿಸುವ ಅಜ್ಜಿಗೆ, ಔಷಧಿ ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟ ದಿನ ಏನಾಗಬಹುದೆಂದು ಆ ವಿದ್ಯಾರ್ಥಿನಿಯೇ ಯೋಚಿಸಲಿ.

ಎರಡನೆಯದಾಗಿ, ಈ ಕೆಲಸಕ್ಕೆ ಎಷ್ಟು ಸೂಕ್ಷ್ಮ ಬುದ್ಧಿ ಬೇಕೆಂಬುದನ್ನು ವಾರ್ಡಿನಲ್ಲೇ ತೋರಿಸಿಕೊಡಿ. ನಿನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದವರು ಇಂದು ಮಗನನ್ನೇ ಗುರುತಿಸದಿದ್ದರೆ ಮನೆಯವರು "ಅರಳುಮರಳು" ಎಂದು ಸುಮ್ಮನಾಗುತ್ತಾರೆ. ಆದರೆ ಅದು ಮೂತ್ರದ ಸೋಂಕಿನಿಂದಲೋ, ನೀರಿನಂಶ ಕಡಿಮೆಯಾದುದರಿಂದಲೋ, ಹೊಸ ಔಷಧಿಯಿಂದಲೋ ಬಂದ ಡೆಲಿರಿಯಮ್ (ದಿಢೀರನೆ ಕಾಣಿಸಿಕೊಳ್ಳುವ ಮನಸ್ಸಿನ ಗೊಂದಲ) ಆಗಿರಬಹುದು, ಸೋಂಕಿದ್ದರೂ ಜ್ವರ ಬಾರದೇ ಇರಬಹುದು. ಇದನ್ನು ಮೊದಲು ಗಮನಿಸಬಲ್ಲವರು ಪಕ್ಕದಲ್ಲಿರುವ ನರ್ಸ್. ಹಾಗೆಯೇ, 6ರಿಂದ 23ರವರೆಗಿನ ಬ್ರೇಡನ್ ಮಾಪಕದಲ್ಲಿ ಅಂಕ ಕಡಿಮೆಯಾದಷ್ಟೂ ಹಾಸಿಗೆ ಹುಣ್ಣಿನ ಅಪಾಯ ಹೆಚ್ಚೆಂದು ಬಾಯಿಪಾಠ ಮಾಡಿಸಿದರೆ ಸಾಲದು. ಅಂಕ ಹಾಕಿದ ವಿದ್ಯಾರ್ಥಿನಿಯೇ ರೋಗಿಯ ಹಿಮ್ಮಡಿಯನ್ನೂ ಸೊಂಟದ ಕೆಳಭಾಗವನ್ನೂ ನೋಡಿ, ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ, ಅದು ಬಿಳಿಚುತ್ತದೆಯೇ ಎಂದು ಪರೀಕ್ಷಿಸಲಿ.

ನಮ್ಮ ನಡೆಯನ್ನು ವಿದ್ಯಾರ್ಥಿಗಳು ಗಮನಿಸುತ್ತಿರುತ್ತಾರೆ. ನಾವೇ ರೋಗಿಯನ್ನು "ಹನ್ನೆರಡನೇ ಬೆಡ್" ಎಂದು ಕರೆದರೆ, ತರಗತಿಯಲ್ಲಿ ಗೌರವದ ಬಗ್ಗೆ ಹೇಳಿದ್ದೆಲ್ಲ ಅಲ್ಲೇ ನೀರುಪಾಲು.

ನಾಲ್ಕಾರು ಬಾರಿ ಭೇಟಿಯಾದ ಹಿರಿಯರು ತೀರಿಕೊಂಡರೆ, ಆ ದಿನ ವಿದ್ಯಾರ್ಥಿಗೆ ಒಡನೆಯೇ ಬೇರೆಯವರನ್ನು ಒಪ್ಪಿಸಬೇಡಿ. ಪಕ್ಕದಲ್ಲಿ ಕುಳಿತು, ಆ ಹಿರಿಯರ ಬಗ್ಗೆ ಆಕೆಗೆ ಗೊತ್ತಿರುವುದನ್ನೆಲ್ಲ ಹೇಳಲು ಬಿಡಿ.