ಗೀಸರ್ ಕೆಟ್ಟರೆ ಹೊಸದೇ ಬೇಕಾ? ನನ್ನ ಅನುಭವ

ಜನವರಿ ಚಳಿಯಲ್ಲೇ ನಮ್ಮ ಗೀಸರ್ ಕೈಕೊಟ್ಟಿತು. ಸ್ವಿಚ್ ಹಾಕಿದ ಕೂಡಲೇ ಮನೆಯ ಕರೆಂಟೆಲ್ಲ ಟ್ರಿಪ್. ದಾವಣಗೆರೆ ಬಿಸಿಲೂರು ನಿಜ, ಆದರೆ ಆ ತಿಂಗಳಲ್ಲಿ ವಯಸ್ಸಾದ ಅತ್ತೆಗೆ ಬೆಳಗ್ಗೆ ತಣ್ಣೀರು ಹಾಕೋಕಾಗುತ್ತಾ? ರಿಪೇರಿ ಆಗುವವರೆಗೆ ಗ್ಯಾಸ್ ಮೇಲೆ ನೀರು ಕಾಯಿಸಿದೆವು.

ಮೊದಲು ಬಂದ ಮೆಕ್ಯಾನಿಕ್ ಮುಚ್ಚಳವನ್ನೂ ಬಿಚ್ಚಲಿಲ್ಲ. "ಟ್ಯಾಂಕ್ ಹೋಗಿದೆ ಮೇಡಂ, ಹೊಸದು ತಗೊಂಬಿಡಿ, ಇವತ್ತೇ ಹಾಕ್ತೀನಿ" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಟ್ಯಾಂಕ್ ತೂತಾಗಿದ್ದರೆ ನೀರು ಸೋರಬೇಕು ಅಲ್ವಾ? ಕೆಳಗೆ ಒಂದು ಹನಿಯೂ ಇರಲಿಲ್ಲ.

ಎರಡನೆಯ ಮೆಕ್ಯಾನಿಕ್‌ನ್ನು ಕರೆಯುವಾಗಲೇ ಮಲ್ಟಿಮೀಟರ್ (ಕರೆಂಟ್ ಪರೀಕ್ಷಿಸುವ ಮೀಟರ್) ತನ್ನಿ ಅಂತ ಹೇಳಿದೆ. ಅವರು ಗೀಸರ್‌ಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ ಆಫ್ ಮಾಡಿ, ವೈರ್ ಬಿಚ್ಚಿ, ನೀರು ಕಾಯಿಸುವ ಕಾಯಿಲ್ ನೋಡಿದರು. 2000 ವ್ಯಾಟ್ ಕಾಯಿಲ್ ಸರಿ ಇದ್ದರೆ ಮೀಟರ್ ಸುಮಾರು 26 ಓಮ್ ರೋಧ ತೋರಿಸಬೇಕು. ತೋರಿಸಿತು. ಆಮೇಲೆ ಮೀಟರಿನ ಒಂದು ಕಡ್ಡಿ ಕಾಯಿಲ್ ತುದಿಗೆ, ಇನ್ನೊಂದು ಗೀಸರಿನ ಲೋಹದ ಮೈಗೆ ಹಿಡಿದರು. ಅಲ್ಲಿ ಮೀಟರ್ ಏನೂ ತೋರಿಸಬಾರದು, ಆದರೆ ತೋರಿಸಿತು. ಕರೆಂಟ್ ಅರ್ಥ್‌ಗೆ (ನೆಲಕ್ಕೆ) ಸೋರಿ ಟ್ರಿಪ್ ಆಗುತ್ತಿದ್ದದ್ದು ಅಲ್ಲೇ.

ನೀರು ಖಾಲಿ ಮಾಡಿ ಕಾಯಿಲ್ ಹೊರಗೆ ತೆಗೆದಾಗ ನನಗೆ ಸಂಕಟವಾಯಿತು. ಸುತ್ತ ಬಿಳಿ ಸುಣ್ಣದ ಹೆಕ್ಕಳೆ ಕಟ್ಟಿತ್ತು, ಬೆರಳಲ್ಲಿ ಒತ್ತಿದರೆ ಚೂರುಚೂರಾಗಿ ಉದುರುತ್ತಿತ್ತು. ಅದರಡಿ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು. ನಮ್ಮದು ಬೋರ್ ನೀರು. ಕಾದಾಗ ಅದರ ಸುಣ್ಣ ಕಾಯಿಲ್ ಮೇಲೇ ಕೂರುತ್ತೆ. ಶಾಖ ನೀರಿಗೆ ಸರಿಯಾಗಿ ಇಳಿಯದೆ ಕಾಯಿಲ್ ತಾನೇ ಅತಿಯಾಗಿ ಕಾದು ಬಿರಿಯುತ್ತೆ.

ಮ್ಯಾಗ್ನೀಷಿಯಂ ರಾಡ್ ಬಗ್ಗೆ ಮಾತ್ರ ಎಲ್ಲರೂ ತಿಳಿದಿರಲಿ ಅನ್ನಿಸುತ್ತೆ. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆದು ಕಾಪಾಡುವ ರಾಡ್ ಅದು. ನಮ್ಮದರಲ್ಲಿ ನಡುವಿನ ತಂತಿ ಮಾತ್ರ ಉಳಿದಿತ್ತು. ಕೇಳದಿದ್ದರೆ ಯಾರೂ ಬದಲಿಸುವುದಿಲ್ಲ, ಕಾಯಿಲ್ ಹಾಕಿ ಹೋಗಿಬಿಡುತ್ತಾರೆ. ಕಾಯಿಲ್, ರಾಡ್, ನೀರು ಸೋರದಂತೆ ಹಾಕುವ ಗ್ಯಾಸ್ಕೆಟ್ ಮೂರನ್ನೂ ಹೊಸದು ಹಾಕಿಸಿದೆ. ಕೂಲಿ ಸೇರಿದರೂ ಹೊಸ ಗೀಸರ್ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ಹಳೆ ಕಾಯಿಲನ್ನು ಕೇಳಿ ಇಟ್ಟುಕೊಂಡೆ.

ಜೋಡಿಸಿದ ಮೇಲೆ ಬಿಸಿನೀರಿನ ನಲ್ಲಿಯಲ್ಲಿ ನೀರು ಪೂರ್ತಿ ಬರುವವರೆಗೆ ಸ್ವಿಚ್ ಮುಟ್ಟಲೇಬಾರದು. ಖಾಲಿ ಟ್ಯಾಂಕಿನಲ್ಲಿ ಹೊಸ ಕಾಯಿಲ್ಲೂ ಸುಟ್ಟುಹೋಗುತ್ತೆ. ನೀರಿನ ಬಿಸಿ ಎಷ್ಟಿರಬೇಕೆಂದು ಹೊಂದಿಸುವ ಥರ್ಮೋಸ್ಟಾಟನ್ನು ಈಗ 55 ಡಿಗ್ರಿಗೆ ಇಟ್ಟಿದ್ದೇವೆ, ಜಾಸ್ತಿ ಕಾದಷ್ಟೂ ಸುಣ್ಣ ಜಾಸ್ತಿ. ದೀಪಾವಳಿಗೆ ಮುಂಚೆ ಬಿಚ್ಚಿ ಕ್ಲೀನ್ ಮಾಡಿಕೊಡಿ ಅಂತ ಅದೇ ಮೆಕ್ಯಾನಿಕ್‌ಗೆ ಹೇಳಿಟ್ಟಿದ್ದೇನೆ.