ಸಿಜಿ ಹಣವನ್ನು ತಾಲೀಮಿಗೆ ಹಾಕಿ ಮಾಡಿದ ಸಾಹಸಚಿತ್ರ

ಕಣ್ಗಾವಲಿನ ಆಳ್ವಿಕೆಗೆ ಸಿಕ್ಕ ಭವಿಷ್ಯದ ನಗರ, ಅದನ್ನು ಒಳಗಿನಿಂದಲೇ ಎದುರಿಸುವ ನಾಯಕಿ ಎಂದು ನನ್ನ ಚಿತ್ರದ ಕಥೆ ಹೇಳಿದಾಗ ಹಣ ಹೂಡುವವರೂ ಸಾಹಸ ನಿರ್ದೇಶಕರೂ ಒಂದೇ ಲೆಕ್ಕ ಕೊಟ್ಟರು: ಅರ್ಧ ಬಜೆಟ್ ಸಿಜಿಗೆ (ಕಂಪ್ಯೂಟರಿನಲ್ಲಿ ಮಾಡುವ ದೃಶ್ಯಗಳಿಗೆ) ಹೋಗುತ್ತದೆ, ಹೊಡೆದಾಟಕ್ಕೆಲ್ಲ ಡೂಪ್ ಬೇಕಾಗುತ್ತದೆ. ಚಿತ್ರ ಮುಗಿದ ಮೇಲೆ ನೋಡಿದರೆ ಸಿಜಿಗೆ ಹೋದದ್ದು ಹತ್ತರಲ್ಲೊಂದು ಪಾಲು ಇರಬಹುದು. ಡೂಪ್ ಬಂದದ್ದು ಎತ್ತರದಿಂದ ಬೀಳುವ ಶಾಟ್‌ಗಳಿಗೆ ಮಾತ್ರ. ಹೀಗೆ ಸಿಜಿಯಲ್ಲಿ ಉಳಿದ ಹಣದಲ್ಲಿ ಹೆಚ್ಚಿನದನ್ನು ತಾಲೀಮಿಗೆ ಸುರಿದೆ, ಅದೇ ಕೈಹಿಡಿಯಿತು.

ಮೊದಲು ಸಿದ್ಧವಾದ ಫೈಟ್‌ಗಳು ನಾಯಕನಟರಿಗೆಂದು ಕಟ್ಟುವಂಥವು: ನಿಂತಲ್ಲೇ ಒಂದು ಗುದ್ದು, ಎದುರಾಳಿ ರೋಪ್‌ನಲ್ಲಿ ಹಾರಿ ಗೋಡೆಗೆ. ತನಗಿಂತ ಬಹಳ ತೂಕದವನನ್ನು ಹೊಡೆದ ಮೇಲೂ ನಾಯಕಿಯ ಭುಜ ಕದಲದಿರುವುದು ಮಾನಿಟರ್‌ನಲ್ಲಿ ಎದ್ದು ಕಾಣುತ್ತಿತ್ತು. ರೋಪ್, ಹಾರ್ನೆಸ್, ಮ್ಯಾಟ್‌ಗಳಿಗೆ ಕೊಟ್ಟ ಮುಂಗಡ ವಾಪಸ್ಸು ಬರಲಿಲ್ಲ. ಆಮೇಲೆ ಒಂದು ನಿಯಮ ಮಾಡಿಕೊಂಡೆವು: ಆಕೆ ಯಾವ ಏಟನ್ನೂ ನೇರವಾಗಿ ಎದುರಿಸಬಾರದು. ಬಾಗಿಲು, ಮೆಟ್ಟಿಲಿನ ಕಂಬಿ, ಎದುರಾಳಿಯ ಜಾಕೆಟ್ಟು, ಅವನ ಓಟದ ರಭಸ ಇವೇ ಆಕೆಯ ಆಯುಧಗಳು. ಹತ್ತಿರ ಸಿಕ್ಕಾಗ ಮೊಣಕೈ, ಮೊಣಕಾಲು. ತಾಲೀಮನ್ನು ಚಿತ್ರೀಕರಣದ ಜಾಗದಲ್ಲೇ, ಅದೇ ಬೂಟು ಮತ್ತು ಉಡುಪಿನಲ್ಲಿ ನಡೆಸಿ, ಫೋನಿನಲ್ಲಿ ಸೆರೆಹಿಡಿದು, ಸಂಕಲನವನ್ನೂ ಮುಗಿಸಿಕೊಂಡೇ ಕ್ಯಾಮೆರಾ ತರಿಸುತ್ತಿದ್ದೆವು. ನೆನಪಿನಿಂದ ಹೇಳುವುದಾದರೆ ತಾಲೀಮಿಗೆ ಬಜೆಟ್ಟಿನ ಕಾಲುಭಾಗ ಹೋಯಿತು, ಫೈಟ್ ಚಿತ್ರೀಕರಣದ ದಿನಗಳು ಮೂರರಲ್ಲೊಂದು ಪಾಲು ಇಳಿದವು. ಕ್ಯಾಮೆರಾ, ಲೈಟಿನ ಬಾಡಿಗೆ ಕಟ್ಟಿದವರಿಗೆ ಈ ಇಳಿತದ ಬೆಲೆ ಗೊತ್ತು.

ಶಟರ್ ವಿಷಯದಲ್ಲಿ ಬಹಳ ಒದ್ದಾಡಿದೆವು. ಒಂದೊಂದು ಫ್ರೇಮಿಗೂ ಎಷ್ಟು ಹೊತ್ತು ಬೆಳಕು ಬೀಳಬೇಕೆಂದು ತೀರ್ಮಾನಿಸುವುದು ಅದು; ಡಿಗ್ರಿ ಕಡಿಮೆಯಾದಷ್ಟೂ ಆ ಹೊತ್ತು ಕಡಿಮೆ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ 180 ಡಿಗ್ರಿ ಇಟ್ಟರೆ ಏಟುಗಳು ಮಸುಕಾದವು; 45ಕ್ಕೆ ಇಳಿಸಿದಾಗ ಚಲನೆ ತುಂಡುತುಂಡಾಯಿತು, ಎರಡು ಸ್ಟಾಪ್ ಬೆಳಕೂ, ಅಂದರೆ ಮುಕ್ಕಾಲು ಪಾಲು, ಹೋಯಿತು. ಸಾಲದ್ದಕ್ಕೆ, 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಟುಕುವುದರಿಂದ ಪರದೆಯ ಮೇಲೆ ಪಟ್ಟೆಗಳು ಓಡಾಡಿದವು. ಕೊನೆಗೆ ನಿಂತದ್ದು 86.4 ಡಿಗ್ರಿಗೆ, ಅಂದರೆ ಸರಿಯಾಗಿ 1/100 ಸೆಕೆಂಡಿಗೆ. ಏಟು ಚೂಪಾಯಿತು, ಪಟ್ಟೆಯೂ ಹೋಯಿತು. 22 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸಿ ವೇಗ ಕೂಡಿಸುವ ಹಳೆಯ ಉಪಾಯ ಇಲ್ಲಿ ನಡೆಯಲಿಲ್ಲ, ಏಕೆಂದರೆ ಬಿಚ್ಚಿದ ಕೂದಲು ಅದನ್ನು ಕೂಡಲೇ ಬಯಲು ಮಾಡುತ್ತದೆ.

ನಗರದ ಮಟ್ಟಿಗೆ ನನಗೆ ಧೈರ್ಯ ಕೊಟ್ಟದ್ದು ಫ್ರೆಂಚ್ ನಿರ್ದೇಶಕ ಗೊದಾರ್ ಅವರ 1965ರ ‘ಆಲ್ಫಾವಿಲ್’. ಭವಿಷ್ಯದ ಊರನ್ನು ಅವರು ಸೆಟ್ ಹಾಕದೆ ಅಂದಿನ ಪ್ಯಾರಿಸ್ಸಿನಲ್ಲೇ ಚಿತ್ರೀಕರಿಸಿದ್ದರು. ನಾನು ನೆಲಮಾಳಿಗೆಯ ಪಾರ್ಕಿಂಗ್‌ಗಳನ್ನೂ ಖಾಲಿ ಗೋದಾಮುಗಳನ್ನೂ ಹಿಡಿದು, ಹೊಗೆ ತುಂಬಿಸಿ, ಕಡಿಮೆ ಒತ್ತಡದ ಸೋಡಿಯಂ ದೀಪ ಹಾಕಿದೆ. ಅದರ ಬೆಳಕು 589 ನ್ಯಾನೊಮೀಟರಿನ ಆಸುಪಾಸಿನ ಒಂದೇ ಹಳದಿಯಾದ್ದರಿಂದ ಮಿಕ್ಕ ಬಣ್ಣಗಳೆಲ್ಲ ಸತ್ತು, ರಕ್ತ ಕಪ್ಪಾಗಿ ಕಾಣುತ್ತದೆ. ವಸ್ತ್ರವಿನ್ಯಾಸದ ಖರ್ಚೂ ಉಳಿಯಿತು. ಆದರೆ ಡಿಐನಲ್ಲಿ (ಚಿತ್ರೀಕರಣದ ನಂತರ ಬಣ್ಣ ತಿದ್ದುವ ಹಂತದಲ್ಲಿ) ಮೈಬಣ್ಣವನ್ನು ಎಳೆದು ತರಲು ಆಗುವುದಿಲ್ಲ, ಇಲ್ಲದ ಬಣ್ಣವನ್ನು ತರುವುದೆಲ್ಲಿಂದ? ಹಾಗಾಗಿ ನಾಯಕಿಯ ಮುಖಕ್ಕೆ ಮಾತ್ರ ಬೇರೆ ಬಿಳಿ ಬೆಳಕು ಕೊಟ್ಟೆವು. ಆ ಮುಖದ ಮೇಲೆ ಹಳದಿ ಬೀಳದಂತೆ ತಡೆದದ್ದು ಹೇಗೆಂಬುದನ್ನು ಮುಂದಿನ ಚಿತ್ರ ಮುಗಿಯುವವರೆಗೆ ನಮ್ಮ ತಂಡವೇ ಇಟ್ಟುಕೊಳ್ಳುತ್ತದೆ.

ನಡುವೆ ಒಂದು ಹಳೆಯ ಕ್ಯಾಮೆರಾದ ಇನ್‌ಫ್ರಾರೆಡ್ ತಡೆಯುವ ಗಾಜನ್ನು ತೆಗೆಸಿ, ಬಹುತೇಕ ಇನ್‌ಫ್ರಾರೆಡ್ ಬೆಳಕನ್ನಷ್ಟೇ ಒಳಬಿಡುವ 720 ನ್ಯಾನೊಮೀಟರ್ ಫಿಲ್ಟರ್ ಹಾಕಿ ನೋಡಿದೆ. ಎಲೆಗಳು ಬೆಳ್ಳಗಾಗಿ ಆಕಾಶ ಕಪ್ಪಾಯಿತು, ಪಾಳುಲೋಕ ಪುಕ್ಕಟೆ ಸಿಕ್ಕಿತೆಂದು ಕುಣಿದಾಡಿದೆವು. ಮುಖಗಳು ಮಾತ್ರ ಮೇಣದಂತೆ ನಯವಾಗಿ, ಗಾಯದ ಮೇಕಪ್ಪೂ ಬೆವರೂ ಮಾಯವಾಗಿದ್ದವು. ಅಭಿನಯವನ್ನೇ ನುಂಗುವ ಚಿತ್ರ ನಾಯಕಿಗೆ ಬೇಡವೆಂದು ಅದನ್ನು ಕಣ್ಗಾವಲು ಡ್ರೋನ್‌ನ ನೋಟಕ್ಕಷ್ಟೇ ಬಳಸಿದೆ.

ಆ ಡ್ರೋನ್ ಕೂಡ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಹೊಗೆಯಲ್ಲಿ ಓಡುವ ಒಂದು ಬೆಳಕಿನ ಕೋಲು, ಫ್ಯಾನ್ ಮತ್ತು ಹೊಲಿಗೆಯಂತ್ರದ ಮೋಟಾರಿನಿಂದ ಫೋಲಿಯಲ್ಲಿ (ಸ್ಟುಡಿಯೊದಲ್ಲಿ ಕೈಯಾರೆ ಸದ್ದು ಸೃಷ್ಟಿಸುವಲ್ಲಿ) ಮಾಡಿದ ಸದ್ದು, ಇಷ್ಟೇ. ಅರ್ಧ ಬಜೆಟ್ ಸಿಜಿಗೆ ಬೇಕೆಂದಿದ್ದ ಹೂಡಿಕೆದಾರರೊಬ್ಬರು ಮೊದಲ ಪ್ರದರ್ಶನ ನೋಡಿ, ಡ್ರೋನ್ ಮಾಡಿಸಲು ಎಷ್ಟಾಯಿತು ಎಂದು ಕೇಳಿದರು. ಲೆಕ್ಕದ ಪುಸ್ತಕವನ್ನೇ ಅವರ ಮುಂದಿಟ್ಟೆ.