ಇಂಜೆಕ್ಟರ್ ಕ್ಲೀನರ್: ಯಾವ ಕಾರಿಗೆ, ಎಷ್ಟು, ಯಾವಾಗ?

ಕೋಡಿಬಾಗದಿಂದ ಕಾರವಾರ ಪೇಟೆ, ಪೇಟೆಯಿಂದ ಮಕ್ಕಳ ಶಾಲೆ, ಸಂಜೆ ಮತ್ತೆ ಮನೆ. ನಮ್ಮ ಕರಾವಳಿಯ ಬಹಳಷ್ಟು ಕಾರುಗಳ ದಿನದ ಓಡಾಟ ಇಷ್ಟೇ. ಎಂಜಿನ್ ಸರಿಯಾಗಿ ಬಿಸಿ ಏರುವಷ್ಟರಲ್ಲಿ ಕಾರು ನಿಂತುಬಿಡುತ್ತದೆ. ಮಸಿ ಬೇಗ ಕಟ್ಟುವುದು ಇಂಥ ಕಾರುಗಳಿಗೇ ಹೊರತು ಹುಬ್ಬಳ್ಳಿಗೂ ಬೆಂಗಳೂರಿಗೂ ಓಡುತ್ತಿರುವ ಕಾರುಗಳಿಗಲ್ಲ.

ಕಾರಣ ಸರಳ. ತಣ್ಣಗಿರುವ ಎಂಜಿನ್‌ಗೆ ಪೆಟ್ರೋಲ್ ಹೆಚ್ಚು ಬೇಕು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಹೆಚ್ಚೇ ಕೊಡುತ್ತದೆ, ಅದೆಲ್ಲ ಪೂರ್ತಿ ಉರಿಯುವುದಿಲ್ಲ. ಇನ್ನು ಎಂಜಿನ್ ಆಫ್ ಮಾಡಿದ ಮೇಲೆ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನ ತುದಿಯಲ್ಲಿ ಉಳಿದ ಹನಿ ಅಲ್ಲಿಯ ಬಿಸಿಗೆ ಬೆಂದು ಅಂಟಾಗುತ್ತದೆ. ಪದರದ ಮೇಲೆ ಪದರ ಕೂತಂತೆ ಪೆಟ್ರೋಲ್ ಸಿಂಪಡಿಕೆಯ ಆಕಾರ ಕೆಡುತ್ತದೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ನಡುಕ, ಐಡಲಿಂಗ್‌ನಲ್ಲಿ ಏರುಪೇರು, ಘಟ್ಟ ಹತ್ತುವಾಗ ಪಿಕಪ್ ಇಲ್ಲದಿರುವುದು, ತಿಂಗಳಿಂದ ತಿಂಗಳಿಗೆ ಇಳಿಯುವ ಮೈಲೇಜ್ ಇದರ ಲಕ್ಷಣ. ಪೆಟ್ರೋಲ್ ಟ್ಯಾಂಕಿಗೆ ಹಾಕುವ ಕ್ಲೀನರ್ ಅಡಿಟಿವ್ ಇರುವುದು ಈ ಅಂಟನ್ನೂ ಮಸಿಯನ್ನೂ ತೊಳೆಯುವುದಕ್ಕೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬೇಡಿ.

ಬಾಟಲಿ ಕೊಳ್ಳುವ ಮೊದಲು

ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಶಿರಸಿ, ಸಿದ್ದಾಪುರ ಕಡೆಯ ತೋಟದ ಮನೆಗಳಿಗೆ ಹೋಗುವ ಕೆಮ್ಮಣ್ಣಿನ ರಸ್ತೆಗಳಲ್ಲಿ ಓಡುವ ಕಾರಿನ ಫಿಲ್ಟರ್ ಬೇಸಿಗೆ ಮುಗಿಯುವಷ್ಟರಲ್ಲಿ ಕೆಂಪಗಾಗಿ ಮುಚ್ಚಿಹೋಗಿರುತ್ತದೆ. ಸ್ಪಾರ್ಕ್ ಪ್ಲಗ್ ಹಳೆಯದಾಗಿದೆಯೇ, ಟೈರ್‌ನಲ್ಲಿ ಗಾಳಿ ಸರಿಯಿದೆಯೇ ನೋಡಿ. ಕಡಲ ಗಾಳಿಯ ಉಪ್ಪಿಗೆ ಬ್ಯಾಟರಿ ಟರ್ಮಿನಲ್ ಮೇಲೆ ಪುಡಿ ಕಟ್ಟಿದ್ದರೂ ಬೆಳಗಿನ ಸ್ಟಾರ್ಟ್ ಕಷ್ಟವಾಗುತ್ತದೆ. ಇವು ಯಾವುದನ್ನೂ ಅಡಿಟಿವ್ ಸರಿಪಡಿಸುವುದಿಲ್ಲ.

ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಮಿಸ್‌ಫೈರ್ ಆಗುತ್ತಿದೆ, ಅಂದರೆ ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಹಾಗೆಯೇ ಓಡಿಸಿದರೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ. ಈ ಮೂರರಲ್ಲಿ ಯಾವುದು ಕಂಡರೂ ಬಾಟಲಿ ಬಿಟ್ಟು ಗ್ಯಾರೇಜ್ ಹಿಡಿಯಿರಿ.

ಮೈಲೇಜ್ ಬಗ್ಗೆ ಇನ್ನೊಂದು ಮಾತು. ಈಗ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇ 20ರವರೆಗೂ ಎಥನಾಲ್ ಇರುತ್ತದೆ. ಲೀಟರ್ ಲೆಕ್ಕದಲ್ಲಿ ಎಥನಾಲ್‌ಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗೆ ಕಳೆದುಹೋದ ಮೈಲೇಜನ್ನು ಯಾವ ಕ್ಲೀನರೂ ವಾಪಸ್ ತರಲಾರದು.

ಯಾವ ಬಾಟಲಿ?

ಪೆಟ್ರೋಲ್ ಕಾರಿಗೆ ಪಾಲಿಈಥರ್ ಅಮೈನ್, ಅಂದರೆ ಪಿಇಎ ಇರುವ ಕ್ಲೀನರ್ ಹುಡುಕಿ. ಎಂಜಿನ್ ಒಳಗಿನ ಬಿಸಿಯಲ್ಲೂ ಬೇಗ ಒಡೆಯದೆ ಗಟ್ಟಿ ಮಸಿಯನ್ನು ಸಡಿಲಿಸುವ ರಾಸಾಯನಿಕ ಇದು. ಲೇಬಲ್ ಮೇಲೆ ಇಲ್ಲದಿದ್ದರೆ ಕಂಪನಿಯ ಸುರಕ್ಷತಾ ಮಾಹಿತಿ ಪತ್ರದಲ್ಲಿ ನೋಡಬಹುದು. ಪೆಟ್ರೋಲ್ ಹೊತ್ತಿಗೆ ಮುಂಚೆ ತಾನಾಗಿ ಹೊತ್ತದಂತೆ ತಡೆಯುವ ಆಕ್ಟೇನ್ ಬೂಸ್ಟರ್ ಬೇರೆ, ಕ್ಲೀನರ್ ಬೇರೆ. ಕಬ್ಬಿಣ ಅಥವಾ ಮ್ಯಾಂಗನೀಸ್ ಸಂಯುಕ್ತ ಇರುವ ಬೂಸ್ಟರ್‌ಗಳು ಪ್ಲಗ್ ಮೇಲೆ ತಾವೇ ಪದರ ಕಟ್ಟುತ್ತವೆ. ಸೀಮೆಎಣ್ಣೆ, ನುಸಿಗುಳಿಗೆ, ಥಿನ್ನರ್ ಹಾಕುವ ಹಳೆಯ ಉಪಾಯಗಳನ್ನು ಇಂದಿನ ಕಾರಿನ ಮೇಲೆ ಪ್ರಯೋಗಿಸಲೇಬೇಡಿ. ರಬ್ಬರ್ ಸೀಲ್, ಸೆನ್ಸರ್, ಪಂಪ್ ಎಲ್ಲಕ್ಕೂ ಅಪಾಯ.

ಕಾರಿನ ಹೆಸರಿನ ಜೊತೆ ಜಿಡಿಐ ಅಥವಾ ಟಿಎಸ್‌ಐ ಎಂದಿದ್ದರೆ ಪೆಟ್ರೋಲ್ ನೇರವಾಗಿ ಸಿಲಿಂಡರ್‌ಗೇ ಹೋಗುತ್ತದೆ, ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವ್ ಮೇಲೆ ಹಾಯುವುದೇ ಇಲ್ಲ. ಆದ್ದರಿಂದ ಟ್ಯಾಂಕಿಗೆ ಹಾಕಿದ ಕ್ಲೀನರ್ ಇಂಜೆಕ್ಟರನ್ನು ತೊಳೆದೀತು, ವಾಲ್ವ್ ಮೇಲಿನ ಮಸಿಯನ್ನು ಮುಟ್ಟದು. ವಾಲ್ವ್‌ಗೆ ಮುಂಚೆಯೇ ಪೆಟ್ರೋಲ್ ಸಿಂಪಡಿಸುವ ಸಾಧಾರಣ ಎಂಪಿಎಫ್‌ಐ ಎಂಜಿನ್‌ಗಳಲ್ಲಿ ಅದು ಎರಡನ್ನೂ ತೊಳೆಯುತ್ತದೆ.

ಡೀಸೆಲ್ ಕಾರಿಗೆ ಡೀಸೆಲ್‌ನ ಬಾಟಲಿಯೇ ಬೇಕು. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರಾದರೆ ಲೇಬಲ್ ಮೇಲೆ ಡಿಪಿಎಫ್‌ಗೆ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್‌ಗೆ, ಹೊಂದುತ್ತದೆ ಎಂದು ಬರೆದಿರಬೇಕು. ಕೆಲವು ಡೀಸೆಲ್ ಕಾರುಗಳಲ್ಲಿ ಹೊಗೆಯನ್ನು ಶುದ್ಧಗೊಳಿಸಲು ಬಳಸುವ ಡಿಇಎಫ್ ದ್ರವಕ್ಕೆ ಪ್ರತ್ಯೇಕ ಟ್ಯಾಂಕ್ ಇರುತ್ತದೆ. ಅದು ಅಡಿಟಿವ್ ಅಲ್ಲ, ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಇಂಧನದ ಇಡೀ ವ್ಯವಸ್ಥೆಯೇ ಹಾಳಾಗುತ್ತದೆ.

ಹಾಕುವ ಕ್ರಮ

ಲೆಕ್ಕದಿಂದ ಶುರುಮಾಡಿ. ಬಾಟಲಿಯಲ್ಲಿ 300 ಮಿ.ಲೀ. ಇದೆ, 60 ಲೀಟರ್ ಪೆಟ್ರೋಲ್‌ಗೆ ಸಾಕು ಎಂದು ಬರೆದಿದೆ ಎಂದುಕೊಳ್ಳಿ. ಲೀಟರ್‌ಗೆ 5 ಮಿ.ಲೀ. ಆಯಿತು. ನಿಮ್ಮ ಸಣ್ಣ ಕಾರಿನ ಟ್ಯಾಂಕ್ 35 ಲೀಟರ್‌ನದಾದರೆ 175 ಮಿ.ಲೀ. ಹಾಕಿ ಉಳಿದದ್ದನ್ನು ಬಿಗಿಯಾಗಿ ಮುಚ್ಚಿಡಿ. ಹೆಚ್ಚು ಹಾಕಿದರೆ ಹೆಚ್ಚು ತೊಳೆದೀತು ಎಂಬುದು ತಪ್ಪು ಎಣಿಕೆ. ವಾರಂಟಿ ಇರುವ ಕಾರಾದರೆ ಮ್ಯಾನ್ಯುಯಲ್‌ನಲ್ಲಿ ಅಡಿಟಿವ್ ಬಗ್ಗೆ ಏನಿದೆ ಎಂದು ಓದಿ, ಬೇಡ ಎಂದಿದ್ದರೆ ಬೇಡ.

ಟ್ಯಾಂಕ್ ರಿಸರ್ವ್ ಹತ್ತಿರ ಬಂದಾಗ ಬಂಕಿಗೆ ಹೋಗಿ. ಎಂಜಿನ್ ಆಫ್ ಮಾಡಿ ಮೊದಲು ಕ್ಲೀನರ್ ಸುರಿಯಿರಿ, ಆಮೇಲೆ ನಾಝಲ್ ತಾನಾಗಿ ನಿಲ್ಲುವವರೆಗೆ ಪೆಟ್ರೋಲ್ ತುಂಬಿಸಿ. ಬೀಳುವ ಪೆಟ್ರೋಲ್ ರಭಸಕ್ಕೆ ಅದು ತಾನಾಗಿ ಬೆರೆಯುತ್ತದೆ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಇನ್ನು ಬಹಳ ಜನ ತಪ್ಪಿಸುವ ಕೆಲಸ. ಕ್ಲೀನರ್ ಹಾಕಿದ ಕಾರನ್ನು ಮತ್ತೆ ಪೇಟೆ-ಮನೆ ಓಡಾಟಕ್ಕೇ ಬಿಟ್ಟರೆ ಹಣ ಅರ್ಧ ನೀರಿಗೆ ಹಾಕಿದ ಹಾಗೆ. ಅದಕ್ಕೆ ಬಿಸಿ ಬೇಕು, ಎಡೆಬಿಡದ ಓಟ ಬೇಕು. ಕಾರವಾರದವರಿಗೆ ಇದಕ್ಕೆ ಒಳ್ಳೆಯ ದಾರಿ ಇದೆ: ಹೆದ್ದಾರಿ 66ರಲ್ಲಿ ಅಂಕೋಲಾ ದಾಟಿ ಕುಮಟಾ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ. ನೂರು ಕಿ.ಮೀ.ಗೂ ಹೆಚ್ಚಿನ ದಾರಿ. ಘಟ್ಟದ ರಸ್ತೆ ತೆರೆದಿದೆಯೇ ಎಂದು ಮಾತ್ರ ಹೊರಡುವ ಮೊದಲು ಕೇಳಿಕೊಳ್ಳಿ. ಏರಿನಲ್ಲಿ ಟಾಪ್ ಗೇರಿನಲ್ಲಿ ಎಂಜಿನ್ ಗೊಣಗುವಂತೆ ಎಳೆಸಬೇಡಿ. ಒಂದು ಗೇರ್ ಇಳಿಸಿ ಎಂಜಿನ್ ಸಲೀಸಾಗಿ ತಿರುಗಲಿ.

ಶಿರಸಿಯವರು ಇಲ್ಲೊಂದು ಸಂಗತಿ ಗಮನಿಸಬೇಕು. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಘಟ್ಟ ಇಳಿಯುವಾಗ ಇಂದಿನ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಬಹುಪಾಲು ಮುಚ್ಚಿಯೇ ಇರುತ್ತದೆ. ಪೆಟ್ರೋಲ್ ಹರಿಯದಿದ್ದರೆ ತೊಳೆಯುವುದೂ ಇಲ್ಲ. ನಿಮ್ಮ ಕಾರಿಗೆ ಕೆಲಸ ಆಗುವುದು ಕುಮಟಾದಿಂದ ವಾಪಸ್ ಹತ್ತುವಾಗ. ಹಾಗೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಯೋಚನೆ ಮಾತ್ರ ಬೇಡ, ಬ್ರೇಕ್ ಕಾದು ಹಿಡಿಯದೇ ಹೋದರೆ ಜೀವಕ್ಕೇ ಸಂಚಕಾರ.

ಆ ಟ್ಯಾಂಕಿನ ಪೆಟ್ರೋಲನ್ನು ಒಂದೆರಡು ವಾರದಲ್ಲಿ ಖಾಲಿ ಮಾಡಿ, ಅದರ ಬೆನ್ನಿಗೇ ಎಂಜಿನ್ ಆಯಿಲ್ ಬದಲಿಸಿ. ಸಡಿಲಾದ ಕೊಳೆಯೂ ಕ್ಲೀನರಿನ ಅಂಶವೂ ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಆಯಿಲಿಗೆ ಸೇರಿರುತ್ತವೆ. ಸರ್ವಿಸಿಗೆ ಮುನ್ನ ಕ್ಲೀನರ್, ಸರ್ವಿಸ್ ಆದಮೇಲೆ ಅಲ್ಲ. ನಮ್ಮ ಕಡೆಗೆ ವರ್ಷಕ್ಕೊಮ್ಮೆ ಸಾಕು. ಮಳೆಗಾಲದ ನಾಲ್ಕು ತಿಂಗಳು ಸಣ್ಣ ಸಣ್ಣ ಓಡಾಟ ಮುಗಿಸಿದ ಅಕ್ಟೋಬರ್ ಇದಕ್ಕೆ ತಕ್ಕ ಕಾಲ ಎಂಬುದು ನನ್ನ ಅಭಿಪ್ರಾಯ.

ಮಳೆಗಾಲದ ನೀರು

ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಹೀಗೆ ಒಡೆದ ಪೆಟ್ರೋಲನ್ನು ಯಾವ ಬಾಟಲಿಯೂ ಕೂಡಿಸದು, ಟ್ಯಾಂಕ್ ಖಾಲಿ ಮಾಡಿಸಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ, ಮುಚ್ಚಳದ ರಬ್ಬರ್ ಸೀಳಿದ್ದರೆ ಬದಲಿಸಿ.

ಎಂಜಿನ್ ಫ್ಲಶ್ ಬೇಕೇ?

ಇದು ಪೆಟ್ರೋಲಿಗಲ್ಲ, ತೆಗೆಯಲಿರುವ ಹಳೆಯ ಆಯಿಲಿಗೆ ಹಾಕುವ ದ್ರವ. ಎಂಜಿನ್ ಬಿಸಿಯಾದ ಮೇಲೆ ಹಾಕಿ, ಲೇಬಲ್ ಹೇಳಿದಷ್ಟೇ ನಿಮಿಷ ನಿಂತಲ್ಲೇ ಐಡಲಿಂಗ್‌ನಲ್ಲಿ ಬಿಟ್ಟು, ಬಿಸಿ ಇರುವಾಗಲೇ ಆಯಿಲ್ ಇಳಿಸಿ ಫಿಲ್ಟರ್ ಸಮೇತ ಬದಲಿಸಬೇಕು. ಫ್ಲಶ್ ಹಾಕಿಕೊಂಡು ಕಾರು ಓಡಿಸಬಾರದು. ವೇಳೆಗೆ ಸರಿಯಾಗಿ ಆಯಿಲ್ ಬದಲಿಸುತ್ತ ಬಂದ ಕಾರಿಗೆ ಇದರ ಅಗತ್ಯವೇ ಇಲ್ಲ. ವರ್ಷಗಟ್ಟಲೆ ಬದಲಿಸದೆ ಮುಚ್ಚಳದಡಿ ಕಪ್ಪು ಜಿಗುಟು ಕಟ್ಟಿದ ಕಾರಿಗೋ, ಇನ್ನೂ ಅಪಾಯ. ಒಮ್ಮೆಲೇ ಕಳಚಿದ ಜಿಗುಟು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿದರೆ ಎಂಜಿನ್‌ಗೆ ಆಯಿಲ್ ಏರುವುದಿಲ್ಲ. ಅಂಥ ಕಾರಿಗೆ ಕಡಿಮೆ ಕಿ.ಮೀ.ಗೆ ಎರಡು ಮೂರು ಬಾರಿ ಒಳ್ಳೆಯ ಆಯಿಲ್ ಬದಲಿಸುವುದೇ ಸುರಕ್ಷಿತ. ಇಳಿಸಿದ ಆಯಿಲನ್ನು ಹಳ್ಳಕ್ಕೋ ತೋಟದ ಕಾಲುವೆಗೋ ಚೆಲ್ಲಬೇಡಿ, ನಮ್ಮ ಬಾವಿಗಳು ದೂರದಲ್ಲಿಲ್ಲ. ಡಬ್ಬದಲ್ಲಿ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಕೆಲಸ ಆಯಿತೇ?

ಕ್ಲೀನರ್ ಹಾಕುವ ಮುಂಚೆ ಒಂದು ಬಾರಿ ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಮೈಲೇಜ್ ಬರೆದಿಟ್ಟುಕೊಳ್ಳಿ. ಸರ್ವಿಸ್ ಆದಮೇಲೆ ಅದೇ ದಾರಿಯಲ್ಲಿ, ಅದೇ ಬಂಕಿನ ಪೆಟ್ರೋಲ್‌ನಲ್ಲಿ ಎರಡು ಟ್ಯಾಂಕ್ ಅಳೆಯಿರಿ. ಐಡಲಿಂಗ್ ನಡುಕ ಕಡಿಮೆಯಾಗಿದ್ದರೆ ಬಾಟಲಿ ತನ್ನ ಕೆಲಸ ಮಾಡಿದೆ. ಏನೂ ಬದಲಾಗದಿದ್ದರೆ ಎರಡನೇ ಬಾಟಲಿ ಸುರಿಯಬೇಡಿ. ಇಂಜೆಕ್ಟರ್‌ಗಳನ್ನು ಬಿಚ್ಚಿಸಿ ಮೆಷಿನ್ ಮೇಲೆ ಅಲ್ಟ್ರಾಸಾನಿಕ್ ಕ್ಲೀನಿಂಗ್ ಮಾಡಿಸಿ, ಎಲ್ಲವೂ ಒಂದೇ ಅಳತೆಯಲ್ಲಿ ಸಿಂಪಡಿಸುತ್ತಿವೆಯೇ ಎಂದು ಎದುರಿಗೇ ನಿಂತು ನೋಡಿಕೊಳ್ಳಿ.